ಅಮೃತಬಳ್ಳಿ: ಎಷ್ಟು ತುಂಡು, ಎಷ್ಟು ದಿನ?

ಅಮೃತಬಳ್ಳಿಯನ್ನು ಸಾಯಿಸುವುದು ಕಷ್ಟ. ಬೇಲಿಯಿಂದ ಒಂದು ಗೇಣು ಕತ್ತರಿಸಿ ತಂದು ಗೋಡೆಯ ಮೊಳೆಗೆ ನೇತುಹಾಕಿ ಮರೆತುಬಿಡಿ. ಎಷ್ಟೋ ದಿನ ಬಿಟ್ಟು ನೋಡಿದರೂ ಅದು ಹಸಿಯಾಗಿಯೇ ಇರುತ್ತದೆ, ಗಿಣ್ಣಿನಲ್ಲಿ ಒಂದು ಚಿಗುರು ಇಣುಕಿರುತ್ತದೆ. ಮರ ಹತ್ತಿದ ಬಳ್ಳಿಯ ಬುಡವನ್ನು ಕಡಿದರೆ ಮೇಲಿನಿಂದ ದಾರದಂಥ ಬೇರು ಇಳಿಬಿಟ್ಟು ಮತ್ತೆ ನೆಲ ಹಿಡಿಯುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ‘ಛಿನ್ನರುಹಾ’ ಎಂಬ ಹೆಸರೂ ಇದೆ. ಕತ್ತರಿಸಿದರೂ ಬೆಳೆಯುವಂಥದ್ದು ಎಂದರ್ಥ. ರಾಮ–ರಾವಣರ ಯುದ್ಧದಲ್ಲಿ ಸತ್ತ ಕಪಿಗಳನ್ನು ಬದುಕಿಸಲು ಇಂದ್ರ ಅಮೃತ ಸುರಿಸಿದಾಗ, ಅವುಗಳ ಮೈಯಿಂದ ಜಾರಿದ ಹನಿಗಳು ನೆಲಕ್ಕೆ ಬಿದ್ದಲ್ಲಿ ಈ ಬಳ್ಳಿ ಹುಟ್ಟಿತು ಎನ್ನುವ ಕಥೆಯನ್ನು ನೀವೂ ಕೇಳಿರಬಹುದು. ಇಂಥ ಗಿಡಕ್ಕೆ ಅಮೃತ ಎಂದು ಹೆಸರಿಟ್ಟವರ ಮೇಲೆ ನನಗೆ ತಕರಾರಿಲ್ಲ. ಆದರೆ ಆ ಹೆಸರೇ ಈಗ ಸ್ವಲ್ಪ ತೊಂದರೆ ಕೊಡುತ್ತಿದೆ. ಅಮೃತ ಎಂದ ಮೇಲೆ ಅಳತೆ ಯಾಕೆ, ಅವಧಿ ಯಾಕೆ ಎಂದು ಜನ ಕೇಳುತ್ತಾರೆ.

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಬೆಂಗಳೂರಿನ ಒಂದು ಪಿ.ಜಿ.ಯಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ಸಾವಿರಾರು ಮಂದಿಯಲ್ಲಿ ಒಂದು ತಲೆ. ನಮ್ಮ ಮಹಡಿಯ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಗಳ ಪಕ್ಕ ಯಾವಾಗಲೂ ಒಂದು ಹಸಿರು ಬಾಟಲಿ ನಿಂತಿರುತ್ತದೆ. ಅಮೃತಬಳ್ಳಿ ಜ್ಯೂಸ್. ಒಬ್ಬರು ಇಮ್ಯುನಿಟಿಗೆ ಕುಡಿಯುತ್ತಾರೆ, ಇನ್ನೊಬ್ಬರು ಮೊಡವೆಗೆ, ಮತ್ತೊಬ್ಬರು ‘ಲಿವರ್ ಡಿಟಾಕ್ಸ್’ಗೆ, ಇಡೀ ದಿನ ಓದುವವರು ನೆನಪಿನ ಶಕ್ತಿಗೆ. ನೆನಪಿನ ಶಕ್ತಿಯ ಮಾತು ಜಾಹೀರಾತಿನವರೇ ಹುಟ್ಟಿಸಿದ್ದಲ್ಲ. ಚರಕ ಸಂಹಿತೆಯಲ್ಲಿ ಬುದ್ಧಿಗೆ ಒಳ್ಳೆಯದೆಂದು ಹೇಳಿದ ನಾಲ್ಕು ಮೇಧ್ಯ ರಸಾಯನಗಳಲ್ಲಿ ಒಂದೆಲಗ, ಯಷ್ಟಿಮಧು, ಶಂಖಪುಷ್ಪಿಯ ಜೊತೆ ಗುಡೂಚಿಯೂ ಇದೆ. ಗುಡೂಚಿ ಎಂದರೆ ಅಮೃತಬಳ್ಳಿಯೇ. ಹಿಂದಿಯವರು ಗಿಲೋಯ್ ಎನ್ನುತ್ತಾರೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಟೈನೋಸ್ಪೋರಾ ಕಾರ್ಡಿಫೋಲಿಯಾ. ಕಾರ್ಡಿಫೋಲಿಯಾ ಎಂದರೆ ಹೃದಯದ ಆಕಾರದ ಎಲೆಯುಳ್ಳದ್ದು.

ಊರಿನಲ್ಲಿ ನಮ್ಮಜ್ಜಿ ಇದನ್ನು ಬಳಸುತ್ತಿದ್ದ ರೀತಿಯೇ ಬೇರೆ. ಮನೆಯ ಹಿಂದೆ ಬೇವಿನ ಮರಕ್ಕೆ ಹಬ್ಬಿದ ಬಳ್ಳಿ ಇತ್ತು. ಬೇವಿಗೆ ಹಬ್ಬಿದ್ದೇ ಶ್ರೇಷ್ಠ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಯಾರಿಗಾದರೂ ಜ್ವರ ಬಂದು ಎರಡು ದಿನವಾದರೂ ಇಳಿಯದಿದ್ದರೆ ಅಜ್ಜಿ ಹೆಬ್ಬೆರಳು ದಪ್ಪದ ಕಾಂಡ ಆರಿಸಿ, ಮೇಲಿನ ಕಾಗದದಂಥ ಸಿಪ್ಪೆ ಕೆರೆದು, ಜಜ್ಜಿ, ನಾಲ್ಕು ಕಾಳುಮೆಣಸು ಹಾಕಿ, ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳಿಯುವವರೆಗೆ ಕುದಿಸುತ್ತಿದ್ದರು. ಎಲೆ ಹಾಕುತ್ತಿರಲಿಲ್ಲ. ಕುಡಿಯಲು ಮೂರು ದಿನ, ಹೆಚ್ಚೆಂದರೆ ಐದು ದಿನ. ಆರನೇ ದಿನ ಕೇಳಿದರೂ ಕೊಡುತ್ತಿರಲಿಲ್ಲ (ಆ ಕಹಿಯನ್ನು ಯಾರೂ ಕೇಳುತ್ತಲೂ ಇರಲಿಲ್ಲ ಎನ್ನಿ). ಬಸುರಿಯರಿಗೆ ಬೇಡ ಎನ್ನುತ್ತಿದ್ದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೆ ಔಷಧಕ್ಕೆ ಒಂದು ಕಾರಣ, ಒಂದು ಅಳತೆ, ಒಂದು ಕೊನೆ ಇರಬೇಕು ಎಂಬುದು ಗೊತ್ತಿತ್ತು. ಭಾರತೀಯ ಆಯುರ್ವೇದ ಫಾರ್ಮಾಕೋಪಿಯಾದಲ್ಲೂ ಬಳಸಬೇಕಾದ ಭಾಗ ಕಾಂಡ ಎಂದೇ ಇದೆ. ಪ್ರಮಾಣ ಪುಡಿಯಾದರೆ 3ರಿಂದ 6 ಗ್ರಾಂ, ಕಷಾಯಕ್ಕೆ 20ರಿಂದ 30 ಗ್ರಾಂ.

2020ರಲ್ಲಿ ಕೊರೊನಾ ಬಂತು. ಆ ವರ್ಷ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಆಯುರ್ವೇದ ಮತ್ತು ಯೋಗದ ಚಿಕಿತ್ಸಾ ಮಾರ್ಗಸೂಚಿಯಲ್ಲಿ ಗುಡೂಚಿ ಘನವಟಿಯ ಹೆಸರಿತ್ತು. 500 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, 15 ದಿನ ಅಥವಾ ಒಂದು ತಿಂಗಳು. ಗಮನಿಸಿ, ಅಲ್ಲೂ ಅಳತೆಯಿತ್ತು, ಅವಧಿಯಿತ್ತು. ವಾಟ್ಸ್‌ಆಪ್‌ಗೆ ಬರುವ ಹೊತ್ತಿಗೆ ಅವೆರಡೂ ಉದುರಿಹೋಗಿ ಬಳ್ಳಿಯ ಫೋಟೊ ಮಾತ್ರ ಉಳಿಯಿತು. ಬೇಲಿಯಲ್ಲಿ ಯಾರೂ ತಿರುಗಿ ನೋಡದ ಬಳ್ಳಿಯನ್ನು ಜನ ಬುಡಸಮೇತ ಕಿತ್ತು ಒಯ್ದರು. ನರ್ಸರಿಗಳಲ್ಲಿ ಕುಂಡಕ್ಕೆ ಬೆಲೆ ಬಂತು.

ನಮ್ಮ ಸೋದರತ್ತೆ ಶುರುಮಾಡಿದ್ದು ಆಗಲೇ. ವಯಸ್ಸು ಐವತ್ತರ ಆಸುಪಾಸು, ಹತ್ತು ವರ್ಷಗಳಿಂದ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರು. ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಲೋಟ ಕಷಾಯ. ಕಾಂಡ, ಎಲೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಕುದಿಸುತ್ತಿದ್ದರು. ಜ್ವರವಿಲ್ಲ, ನೆಗಡಿಯೂ ಇಲ್ಲ, ‘ಬರಬಾರದು’ ಎಂದು ಅಷ್ಟೇ. ಎರಡು ತಿಂಗಳು ಕಳೆಯುವಷ್ಟರಲ್ಲಿ ಊಟ ಸೇರದಾಯಿತು, ಸುಸ್ತು, ಆಮೇಲೆ ಮೂತ್ರ ಕಾಫಿ ಬಣ್ಣಕ್ಕೆ ತಿರುಗಿತು. ಕಣ್ಣು ಹಳದಿಯಾದಾಗ ಮನೆಯವರು ಕಾಮಾಲೆ ಎಂದು ಹೇಳಿ ಇನ್ನೂ ಎರಡು ಲೋಟ ಅಮೃತಬಳ್ಳಿಯನ್ನೇ ಕುಡಿಸಿದರು. ಅವರದು ತಪ್ಪು ಎಂದು ಹೇಳುವ ಹಾಗೂ ಇಲ್ಲ. ಕಾಮಾಲೆಗೆ ಕೊಡುವ ಔಷಧಿಗಳ ಪಟ್ಟಿಯಲ್ಲಿ ಅಮೃತಬಳ್ಳಿ ಹಿಂದಿನಿಂದಲೂ ಇದೆ.

ಆಸ್ಪತ್ರೆಗೆ ಸೇರಿಸಿದ ದಿನ ಬಿಲಿರುಬಿನ್ 11 ದಾಟಿತ್ತು. ಸಾಮಾನ್ಯವಾಗಿ ಅದು 1ರ ಆಸುಪಾಸಿನಲ್ಲಿರಬೇಕು. ಲಿವರ್ ಕಣಗಳು ಒಡೆದಾಗ ರಕ್ತಕ್ಕೆ ಸೋರುವ ಎ.ಎಲ್.ಟಿ. ಎಂಬ ಕಿಣ್ವ 40ರೊಳಗೆ ಇರಬೇಕಾದದ್ದು 900ರ ಮೇಲಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇಲ್ಲ. ಕುಡಿತವಂತೂ ಇಲ್ಲವೇ ಇಲ್ಲ. ‘ಯಾವ ಔಷಧಿ ತಗೋತಿದ್ರಿ?’ ಎಂದು ವೈದ್ಯರು ಮೂರು ಬಾರಿ ಕೇಳಿದರು. ಅತ್ತೆ ಮೂರು ಬಾರಿಯೂ ‘ಥೈರಾಯ್ಡ್ ಮಾತ್ರೆ ಬಿಟ್ಟು ಏನೂ ಇಲ್ಲ’ ಎಂದರು. ಅವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಕಷಾಯ ಔಷಧಿಯಲ್ಲ, ಅದು ಮನೆಯ ಪದಾರ್ಥ, ಜೀರಿಗೆ ನೀರಿನ ಹಾಗೆ. ನಾಲ್ಕನೇ ದಿನ ಇನ್ನೊಬ್ಬ ಕಿರಿಯ ವೈದ್ಯೆ ಬಂದು ಪ್ರಶ್ನೆಯನ್ನು ಬದಲಿಸಿ ಕೇಳಿದರು. ‘ಬೆಳಿಗ್ಗೆ ಎದ್ದ ತಕ್ಷಣ ಏನು ಕುಡೀತೀರಮ್ಮ?’ ಆಗ ಹೊರಬಂತು ಅಮೃತಬಳ್ಳಿ.

ಬಯಾಪ್ಸಿ ಮಾಡಿದರು. ದೇಹದ ರೋಗನಿರೋಧಕ ವ್ಯವಸ್ಥೆಯೇ ತನ್ನ ಲಿವರ್ ಮೇಲೆ ತಿರುಗಿಬಿದ್ದ ಲಕ್ಷಣ ಕಂಡಿತು. ಕಷಾಯ ನಿಲ್ಲಿಸಿ, ಕೆಲವು ತಿಂಗಳು ಸ್ಟೀರಾಯ್ಡ್ ಕೊಟ್ಟರು. ಅತ್ತೆ ಚೇತರಿಸಿಕೊಂಡರು. ಆ ಬಿಲ್ ಕಟ್ಟಲು ಮಾವ ಏನು ಮಾರಿದರು ಎಂಬುದು ಇಲ್ಲಿ ಬೇಡ.

ಅತ್ತೆಯದೊಂದೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಒಬ್ಬರಿಗೆ ಆದದ್ದರಿಂದ ಏನೂ ಸಾಬೀತಾಗುವುದಿಲ್ಲ, ಅಷ್ಟನ್ನು ನಮ್ಮ ಮೇಷ್ಟ್ರುಗಳು ಕಲಿಸಿದ್ದಾರೆ. ಆದರೆ ಮುಂಬೈನ ಲಿವರ್ ತಜ್ಞರು 2020ರ ಕೊನೆಯ ತಿಂಗಳುಗಳಲ್ಲಿ ಇಂಥವೇ ಆರು ಪ್ರಕರಣಗಳನ್ನು ಕಂಡು 2021ರಲ್ಲಿ ಪ್ರಕಟಿಸಿದ್ದರು. ಅವರಲ್ಲಿ ಒಬ್ಬರು ಉಳಿಯಲಿಲ್ಲ. ಮುಂದಿನ ವರ್ಷ ದೇಶದ 13 ಚಿಕಿತ್ಸಾ ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ವರದಿ ಕೊಟ್ಟರು. ಕುಡಿಯಲು ಶುರುಮಾಡಿದ ಮೇಲೆ ಲಕ್ಷಣ ಕಾಣಲು ಹಿಡಿದದ್ದು ಸಾಮಾನ್ಯವಾಗಿ ಒಂದೂವರೆ ತಿಂಗಳು. ಹೆಚ್ಚಿನವರಲ್ಲಿ ಆಟೊಇಮ್ಯೂನ್ ಮಾದರಿಯ ಲಿವರ್ ಉರಿಯೂತ. ಕೆಲವರಿಗೆ ಮೊದಲೇ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ. ಅತ್ತೆಯ ಫೈಲನ್ನೇ ನೋಡಿ ಬರೆದಂತಿತ್ತು.

ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಗುಡೂಚಿಗೂ ಲಿವರ್ ಹಾನಿಗೂ ಗಂಟು ಹಾಕುವುದು ದಾರಿ ತಪ್ಪಿಸುವಂಥದ್ದು, ರೋಗಿಗಳು ಸೇವಿಸಿದ್ದು ನಿಜವಾಗಿಯೂ ಅದೇ ಗಿಡವೇ ಎಂದು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು, ಟೈನೋಸ್ಪೋರಾ ಕ್ರಿಸ್ಪಾ ಎಂಬ ಹೋಲುವ ಗಿಡ ವಿಷಕಾರಿಯಾಗಿರಬಹುದು ಎಂಬುದು ಅದರ ವಾದ. ವಾದದಲ್ಲಿ ಹುರುಳಿದೆ. ಗಿಡ ಯಾವುದೆಂದು ತಿಳಿಯದೆ ಗಿಡದ ಮೇಲೆ ಆರೋಪ ಹೊರಿಸಬಾರದು. ಆದರೆ ಅದೇ ಮಾತನ್ನು ತಿರುಗಿಸಿಯೂ ಕೇಳಬಹುದಲ್ಲ? ಗಿಡ ಯಾವುದೆಂದು ತಿಳಿಯದ ಕೋಟ್ಯಂತರ ಜನರಿಗೆ ‘ಸಂಪೂರ್ಣ ಸುರಕ್ಷಿತ’ ಎಂಬ ಭರವಸೆಯನ್ನಾದರೂ ಹೇಗೆ ಕೊಡುವುದು?

ಗುರುತಿನ ಸಮಸ್ಯೆ ನಿಜಕ್ಕೂ ದೊಡ್ಡದು. ನಾನು ಓದಿದ ವಿಷಯ ಇದೊಂದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಅಮೃತಬಳ್ಳಿಯ ಎಲೆ ನುಣುಪು, ರೋಮವಿಲ್ಲ. ಎಳೆ ಕಾಂಡ ಹಸಿರು. ಬಲಿತ ಮೇಲೆ ಬೂದುಬಣ್ಣದ ತೆಳು ಪೊರೆ ಸುಲಿಯುತ್ತದೆ, ಒಳಗೆ ಮತ್ತೆ ಹಸಿರು ಕಾಣುತ್ತದೆ. ಕಾಂಡವನ್ನು ಅಡ್ಡಡ್ಡ ಕತ್ತರಿಸಿದರೆ ನಡುವಿನಿಂದ ಗೆರೆಗಳು ಹೊರಟು ಗಾಡಿಚಕ್ರದ ಕಡ್ಡಿಗಳಂತೆ ಕಾಣುತ್ತವೆ. ಹಳಬರು ಇದನ್ನು ನೋಡಿಯೇ ‘ಚಕ್ರಲಕ್ಷಣಿಕಾ’ ಎಂದು ಕರೆದಿದ್ದಾರೆ. ಹಣ್ಣು ಬಟಾಣಿಯಷ್ಟು, ದುಂಡಗೆ, ಕೆಂಪು. ಕ್ರಿಸ್ಪಾದ ಕಾಂಡದ ತುಂಬ ಗಂಟುಗಂಟು, ಮುರಿದರೆ ಹಾಲಿನಂಥ ರಸ ಒಸರುತ್ತದೆ. ನಮ್ಮಲ್ಲಿ ಬೆಳೆಯುವ ಮತ್ತೊಂದು ಸೋದರ ಗಿಡದ ಎಲೆಯ ಅಡಿ ಮೆತ್ತಗೆ ರೋಮ ಇರುತ್ತದೆ. ಪದ್ಮ ಗುಡೂಚಿ ಎಂಬ ಹೆಸರಿನಲ್ಲಿ ಅದೂ ಮಾರುಕಟ್ಟೆಗೆ ಬರುತ್ತದೆ. ಮಲೆನಾಡಿನವರು ತಂಪಿಗೆ ಬಳಸುವ ಹಾಡೆಬಳ್ಳಿಯೂ ಇದೇ ಕುಟುಂಬದ್ದು. ಅದರ ತೊಟ್ಟು ಎಲೆಯ ಅಂಚಿಗೆ ಅಂಟದೆ ಸ್ವಲ್ಪ ಒಳಗೆ, ಕೊಡೆಯ ಹಿಡಿಯಂತೆ ಕೂತಿರುತ್ತದೆ. ಬೇಲಿಯ ಮುಂದೆ ನಿಂತು, ಎಲೆ, ಕಾಂಡ, ಹಣ್ಣು ಎಲ್ಲವೂ ಕೈಗೆ ಸಿಕ್ಕರೆ ಹೇಳಬಹುದು. ಒಣಗಿಸಿ ಪುಡಿ ಮಾಡಿದ ಮೇಲೆ ನನ್ನ ಎಂ.ಎಸ್ಸಿ.ಯೂ ಅಷ್ಟೆ, ನಿಮ್ಮ ಕಣ್ಣೂ ಅಷ್ಟೆ. ಸೂಕ್ಷ್ಮದರ್ಶಕವೋ ರಾಸಾಯನಿಕ ಪರೀಕ್ಷೆಯೋ ಡಿ.ಎನ್.ಎ. ಬಾರ್‌ಕೋಡಿಂಗೋ ಬೇಕು.

ಅತ್ತೆಯ ಮನೆಯ ಬಳ್ಳಿಯನ್ನು ಊರಿಗೆ ಹೋದಾಗ ಲೆನ್ಸ್ ಹಿಡಿದು ನೋಡಿದೆ. ನುಣುಪು ಎಲೆ, ಹಾಲಿಲ್ಲ, ಕತ್ತರಿಸಿದರೆ ಚಕ್ರ, ಬೇಸಿಗೆಯಲ್ಲಿ ಕೆಂಪು ಹಣ್ಣು. ನನ್ನ ಕಣ್ಣಿಗೆ ಅದು ಅಸಲಿ ಅಮೃತಬಳ್ಳಿಯೇ.

ಹಾಗಾದರೆ ಬಳ್ಳಿಯಲ್ಲಿ ಗುಣವಿಲ್ಲವೇ ಎಂದರೆ, ಇದೆ. ಗುಣ ಇರುವುದರಿಂದಲೇ ತೊಂದರೆಯೂ ಬಂದಿರಬಹುದು ಎಂಬುದು ನನಗೆ ಓದಿದಷ್ಟೂ ಗಟ್ಟಿಯಾಗುತ್ತಿರುವ ಅಭಿಪ್ರಾಯ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಲರ್ಜಿ ಸೀನು, ಮೂಗು ಸೋರುವಿಕೆ ಇದ್ದ 75 ಜನರಲ್ಲಿ ಕೆಲವರಿಗೆ ಅಮೃತಬಳ್ಳಿಯ ಸಾರ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಎಂಟು ವಾರ ನೋಡಿದರು. ಸಾರ ಸೇವಿಸಿದವರಲ್ಲಿ ಗಣನೀಯ ಸುಧಾರಣೆ ಕಂಡಿತು. ಅದಕ್ಕೂ ಮೊದಲು ಮುಂಬೈನ ಕೆ.ಇ.ಎಂ. ಆಸ್ಪತ್ರೆಯ ಸಂಶೋಧಕರು ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುಂಚೆ ಇದನ್ನು ಕೊಟ್ಟು, ನಂಜಿನಿಂದ ಆಗುವ ಸಾವು ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಿ ಆಶಾದಾಯಕ ಫಲಿತಾಂಶ ಕಂಡಿದ್ದರು. ರೋಗಿಗಳ ಸಂಖ್ಯೆ ಸಣ್ಣದು, ಆದರೆ ಪ್ರಯತ್ನ ಗಂಭೀರವಾದದ್ದು. ಬಳ್ಳಿಯಲ್ಲಿರುವ ಕೆಲವು ಪಾಲಿಸ್ಯಾಕರೈಡ್‌ಗಳು ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳನ್ನು ಚುರುಕುಗೊಳಿಸುತ್ತವೆ ಎಂಬುದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಈಗ ಯೋಚಿಸಿ. ನಿಮ್ಮ ಊರಿನ ಕಾವಲುಗಾರ ತೂಕಡಿಸುತ್ತಿದ್ದರೆ ಅವನನ್ನು ಎಬ್ಬಿಸುವುದು ಒಳ್ಳೆಯದೇ. ಆದರೆ ಕೆಲವರ ಮೈಯಲ್ಲಿ ಕಾವಲುಗಾರ ಮೊದಲೇ ಮನೆಯವರನ್ನೇ ಕಳ್ಳರೆಂದು ಅನುಮಾನಿಸುತ್ತಿರುತ್ತಾನೆ. ಹಾಶಿಮೋಟೊ ಥೈರಾಯ್ಡ್, ರುಮಟಾಯ್ಡ್ ಸಂಧಿವಾತ, ಲೂಪಸ್, ಸೋರಿಯಾಸಿಸ್ ಮೊದಲಾದವು ಆಟೊಇಮ್ಯೂನ್ ಕಾಯಿಲೆಗಳು. ಅಂಥವರಿಗೆ ಇಮ್ಯುನಿಟಿ ‘ಬೂಸ್ಟ್’ ಮಾಡುವುದೆಂದರೆ ಆ ಕಾವಲುಗಾರನ ಕೈಗೆ ಇನ್ನೊಂದು ದೊಣ್ಣೆ ಕೊಟ್ಟಂತೆ. ಹೀಗೇ ಆಗುತ್ತದೆ ಎಂದು ಇನ್ನೂ ಯಾರೂ ಪೂರ್ತಿ ಸಾಬೀತು ಮಾಡಿಲ್ಲ. ಆದರೂ ಲಿವರ್ ವೈದ್ಯರ ಬಲವಾದ ಅನುಮಾನ ಇದೇ. ನಮ್ಮಲ್ಲಿ ಎಷ್ಟೋ ಹೆಣ್ಣುಮಕ್ಕಳು ಥೈರಾಯ್ಡ್ ಮಾತ್ರೆ ನುಂಗುತ್ತಿದ್ದಾರೆ, ಅದು ಆಟೊಇಮ್ಯೂನ್ ಬಗೆಯದೋ ಅಲ್ಲವೋ ಎಂದು ಬಹಳ ಜನ ಕೇಳಿಕೊಂಡೂ ಇಲ್ಲ. ಸಕ್ಕರೆ ಕಾಯಿಲೆಯವರದು ಬೇರೆಯೇ ಲೆಕ್ಕ. ಅಮೃತಬಳ್ಳಿ ಸಕ್ಕರೆ ಇಳಿಸಬಲ್ಲದು, ಮಾತ್ರೆಯ ಜೊತೆ ಸೇರಿದರೆ ಬೇಕಾದ್ದಕ್ಕಿಂತ ಹೆಚ್ಚು ಇಳಿಯಬಹುದು. ಅಂಗ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯ ಮೇಲಿರುವವರು ಇದರ ಹತ್ತಿರವೂ ಹೋಗಬಾರದು.

‘ಕೋಟಿ ಜನ ಕುಡಿದರು, 43 ಜನಕ್ಕೆ ಆಯಿತು, ಅದೇನು ದೊಡ್ಡದು?’ ಎಂದು ನನ್ನ ರೂಮ್‌ಮೇಟ್ ವಾದಿಸುತ್ತಾರೆ. ಆಸ್ಪತ್ರೆಗೆ ಬಂದು, ಸರಿಯಾದ ಪ್ರಶ್ನೆ ಕೇಳುವ ವೈದ್ಯರು ಸಿಕ್ಕಿ, ಪತ್ರಿಕೆಯಲ್ಲಿ ಅಚ್ಚಾದವರು 43. ಅತ್ತೆ ಆ ಲೆಕ್ಕದಲ್ಲಿಲ್ಲ. ಹಾಗಂತ ಅಲೋಪತಿ ಸಾಚಾ ಎಂದೂ ಅಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಹರ್ಷದ್ ದೇವರಭಾವಿ ಮತ್ತು ದೇಶದ ಇತರ ಕೇಂದ್ರಗಳ ತಜ್ಞರು 2021ರಲ್ಲಿ ಔಷಧಿಯಿಂದ ಲಿವರ್ ಕೆಟ್ಟ 1,288 ರೋಗಿಗಳ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಮೊದಲ ಸ್ಥಾನ ಕ್ಷಯರೋಗದ ಮಾತ್ರೆಗಳದ್ದು, ಶೇ 46ರಷ್ಟು. ಗಿಡಮೂಲಿಕೆ ಮತ್ತಿತರ ಪರ್ಯಾಯ ಔಷಧಿಗಳದ್ದು ಎರಡನೇ ಸ್ಥಾನ, ಶೇ 14ರ ಹತ್ತಿರ. ಆದರೆ ಕ್ಷಯದ ಮಾತ್ರೆ ಇಲ್ಲದಿದ್ದರೆ ರೋಗಿ ಸಾಯುತ್ತಾನೆ. ಆರೋಗ್ಯವಾಗಿರುವ ಇಪ್ಪತ್ತೆರಡರ ಹುಡುಗ ಹಸಿರು ಬಾಟಲಿಯಿಂದ ಏನು ಪಡೆಯುತ್ತಾನೆ? ಅಪಾಯ ಸಣ್ಣದಿರಬಹುದು, ಲಾಭ ಅದಕ್ಕಿಂತ ಸಣ್ಣದಾದರೆ ವ್ಯಾಪಾರ ನಷ್ಟದ್ದೇ.

ಆ ಬಾಟಲಿಯ ವಿಷಯಕ್ಕೇ ಬರುತ್ತೇನೆ. ಲೇಬಲ್ ತಿರುಗಿಸಿ ನೋಡಿ. ಕೆಲವದರ ಮೇಲೆ ಆಯುರ್ವೇದ ಔಷಧಿ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ, ಕೆಲವದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ ಸಂಖ್ಯೆ ಮಾತ್ರ. ಅಂದರೆ ಒಂದೇ ಬಳ್ಳಿ ಒಂದು ಬಾಟಲಿಯಲ್ಲಿ ಔಷಧಿ, ಇನ್ನೊಂದರಲ್ಲಿ ತಿಂಡಿ. ನಮ್ಮ ಫ್ರಿಜ್ಜಿನ ಬಾಟಲಿಯ ಮೇಲೆ ‘ದಿನಕ್ಕೆ 30 ಮಿಲಿ’ ಎಂದಿದೆ, ಎಷ್ಟು ದಿನ ಎಂದಿಲ್ಲ. ಥೈರಾಯ್ಡ್, ಗರ್ಭಿಣಿ, ಸಕ್ಕರೆ ಕಾಯಿಲೆ ಎಂಬ ಒಂದು ಪದವೂ ಇಲ್ಲ. ತುಳಸಿ, ನೆಲ್ಲಿ, ಅರಿಶಿನ ಎಲ್ಲವನ್ನೂ ಬೆರೆಸಿದ್ದಾರೆ. ನಾಳೆ ಯಾರಿಗಾದರೂ ಹೆಚ್ಚುಕಡಿಮೆಯಾದರೆ ಯಾವುದರಿಂದ ಎಂದು ಹುಡುಕುವುದೇ ಕಷ್ಟ. ಅಮೃತಬಳ್ಳಿ ಸತ್ವ ಕೊಳ್ಳುವವರಿಗೂ ಒಂದು ಮಾತು. ಜಜ್ಜಿದ ಕಾಂಡವನ್ನು ನೀರಿನಲ್ಲಿ ನೆನೆಸಿ, ಸೋಸಿ, ತಳದಲ್ಲಿ ನಿಂತ ಬಿಳಿಯ ಪಿಷ್ಟವನ್ನು ಒಣಗಿಸಿದರೆ ಸಿಗುವುದು ಅದು. ಕಿಲೋ ಕಾಂಡಕ್ಕೆ ಹಿಡಿಯಷ್ಟು ಸಿಕ್ಕರೆ ಹೆಚ್ಚು. ಅದು ಅಗ್ಗವಾಗಿ ಸಿಗುತ್ತಿದೆ ಎಂದರೆ ಬೇರೆ ಯಾವುದೋ ಪಿಷ್ಟ ಸೇರಿದೆಯೇ ಎಂದು ಅನುಮಾನಿಸಲು ಪದವಿ ಬೇಕಾಗಿಲ್ಲ.

ನಿಜವಾಗಿಯೂ ಬೇಕೆನಿಸಿದರೆ ಬಿ.ಎ.ಎಂ.ಎಸ್. ಓದಿದ ವೈದ್ಯರ ಬಳಿ ಹೋಗಿ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಒಳ್ಳೆಯ ಆಯುರ್ವೇದ ವೈದ್ಯರು ಇದನ್ನು ಎಲ್ಲರಿಗೂ, ವರ್ಷವಿಡೀ ಬರೆಯುವುದಿಲ್ಲ. ಕುಡಿಯುತ್ತಿರುವಾಗ ಹಸಿವು ಹೋದರೆ, ಮೂತ್ರ ಗಾಢವಾದರೆ, ಮೈ ತುರಿಸಿದರೆ, ಕಣ್ಣು ಹಳದಿಯಾದರೆ ಅದೇ ದಿನ ನಿಲ್ಲಿಸಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿ. ವೈದ್ಯರು ಕೇಳದಿದ್ದರೂ ಕಷಾಯದ ಸುದ್ದಿಯನ್ನು ನೀವೇ ಹೇಳಿ.

ಕೆಲಸ ಹುಡುಕುತ್ತಿರುವ ಬಿ.ಫಾರ್ಮ, ಲೈಫ್ ಸೈನ್ಸ್ ಗೆಳೆಯರಿಗೆ ಗೊತ್ತಿರಬಹುದು, ಔಷಧಿಗಳ ಅಡ್ಡಪರಿಣಾಮ ದಾಖಲಿಸುವುದೇ ಒಂದು ಉದ್ಯೋಗ ಕ್ಷೇತ್ರ. ಫಾರ್ಮಾಕೋವಿಜಿಲೆನ್ಸ್ ಎನ್ನುತ್ತಾರೆ. ದೇಶದ ಕಾರ್ಯಕ್ರಮಕ್ಕೆ 1800-180-3024 ಎಂಬ ಶುಲ್ಕರಹಿತ ಸಂಖ್ಯೆಯಿದೆ. ರೋಗಿಯೋ ಮನೆಯವರೋ ತುಂಬಬಹುದಾದ ಅರ್ಜಿ ಕನ್ನಡದಲ್ಲೂ ಇದೆ. ಆಯುರ್ವೇದ ಮತ್ತಿತರ ಪದ್ಧತಿಗಳ ಔಷಧಿಗಳಿಗೆ ಪ್ರತ್ಯೇಕ ವ್ಯವಸ್ಥೆಯಿದ್ದು, ಅದರ ರಾಷ್ಟ್ರೀಯ ಸಮನ್ವಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿದೆ. ಅತ್ತೆ ಮನೆಗೆ ಬಂದ ಮೇಲೆ ನಾವು ಒಂದು ಅರ್ಜಿ ತುಂಬಲು ಕುಳಿತೆವು. ಹೆಸರಿನ ಮೊದಲಕ್ಷರ, ವಯಸ್ಸು, ತೊಂದರೆ ಶುರುವಾದ ದಿನ ಎಲ್ಲ ಸುಲಭವಾಗಿ ಆಯಿತು. ಔಷಧಿಯ ಪ್ರಮಾಣ ಎಂಬಲ್ಲಿ ಪೆನ್ನು ನಿಂತಿತು. ಅತ್ತೆ ಕೈ ಎತ್ತಿ ತೋರುಬೆರಳು ಮತ್ತು ಹೆಬ್ಬೆರಳ ನಡುವೆ ಅಂತರ ಮಾಡಿ ತೋರಿಸಿದರು, ಆಮೇಲೆ ಇನ್ನಷ್ಟು ಅಗಲಿಸಿದರು. ಅಡುಗೆಮನೆಯ ತಕ್ಕಡಿ ತಂದು ಅಷ್ಟುದ್ದದ ಕಾಂಡವನ್ನು ಎಲೆಸಮೇತ ತೂಗಿದೆವು. 70 ಗ್ರಾಂ ಬಂತು. ಅದನ್ನೇ ಬರೆದು, ಪಕ್ಕದಲ್ಲಿ ‘ದಿನವೂ, ಸುಮಾರು 60 ದಿನ’ ಎಂದು ಸೇರಿಸಿ ಕಳುಹಿಸಿದೆವು.